ಮಾಸ್ತರರ ಪೆನ್ನಿನೊಳಗಿನ ದಾರ

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಮಾಸ್ತರರನ್ನು ನೋಡಲು ಹೋಗಿದ್ದೆ. ಸಿಂದಗಿ ತಾಲೂಕಿನ ನಮ್ಮ ಊರಿನಲ್ಲಿ ನನಗೆ ಅಕ್ಷರ ತಿದ್ದಿಸಿದವರು ಅವರೇ. ಈಗ ನಿವೃತ್ತಿಯಾಗಿ ಎಷ್ಟೋ ವರ್ಷ. ಕಟ್ಟೆಯ ಮೇಲೆ ಕುಳಿತು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಹಾಲಿನ ಲೆಕ್ಕ ಬರೆಯುತ್ತಿದ್ದರು. ನನ್ನನ್ನು ನೋಡಿ ಬರೆಯುವುದನ್ನು ನಿಲ್ಲಿಸಿ ಪೆನ್ನನ್ನು ನೆಹರೂ ಶರ್ಟಿನ ಜೇಬಿಗೆ ಸಿಕ್ಕಿಸಿಕೊಂಡರು. ಪೆನ್ನಿನ ಬಾಯಿಗೆ ಎಲ್ಲಿಂದಲೋ ತಂದ ನೀಲಿ ಪ್ಲಾಸ್ಟಿಕ್ ಮುಚ್ಚಳ. ಮೈ ಮಾತ್ರ ಮರದ್ದು. ಮರವನ್ನು ಕಂಡ ಮೇಲೆ ಪೆನ್ನು ಗುರುತು ಹತ್ತಿತು. ಮುರಿದ ಕುಂಟೆಯ ದಿಂಡಿನಿಂದ ಕೊಯ್ದು ತೆಗೆದ ಕರಿಜಾಲಿ, ನಡುವೆ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಕಪ್ಪು ಗೆರೆ. ಮರವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ಕೊಂಡ ಹೊಸತರಲ್ಲಿ ನಾನೇ ಕಡೆದು ಅವರಿಗೆ ಕೊಟ್ಟದ್ದು.

“ಇದು ಇನ್ನೂ ಬರೆಯುತ್ತದೆಯೇ, ಮಾಸ್ತರರೇ?” ಎಂದೆ. ಹೆಮ್ಮೆ ನನ್ನ ದನಿಯಲ್ಲಿ ಇದ್ದೇ ಇತ್ತು. ಅವರು ಏನೂ ಹೇಳದೆ ಪೆನ್ನನ್ನು ಹೊರತೆಗೆದು, ಮೇಲಿನ ಅರ್ಧವನ್ನು ಜಗ್ಗಿ ಬಿಚ್ಚಿ, ಒಳಗಿನದನ್ನು ನನ್ನ ಅಂಗೈಗೆ ಹಾಕಿದರು. ಐದು ರೂಪಾಯಿಯ ಪೆನ್ನಿನ ಪ್ಲಾಸ್ಟಿಕ್ ರಿಫಿಲ್. ಬ್ಲೇಡಿನಿಂದ ಅಳತೆಗೆ ಕತ್ತರಿಸಿದ್ದರು. ಅದರ ಬಾಲಕ್ಕೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ, ಸಾಲುಸಾಲಾಗಿ ಸುತ್ತಿದ್ದರು. ಒಂದು ಸುತ್ತೂ ಇನ್ನೊಂದರ ಮೇಲೆ ಏರಿರಲಿಲ್ಲ. ದಾರದ ದಪ್ಪಕ್ಕೆ ರಿಫಿಲ್ ಒಳಗೆ ಗಟ್ಟಿಯಾಗಿ ಕೂತು, ತುದಿ ಸದಾ ಹೊರಗೇ ಇರುತ್ತಿತ್ತು. ಒಳಗೆ ಹೋಗುವ ಮಾತೇ ಇಲ್ಲ. ಅದಕ್ಕೇ ಆ ನೀಲಿ ಮುಚ್ಚಳ. “ನೀನು ಹಾಕಿ ಕೊಟ್ಟದ್ದು ಮೂರು ತಿಂಗಳಿಗೆ ಮುಗಿಯಿತು, ತಂಗಿ. ಸಿಂದಗಿಯಲ್ಲಿ ನಾಲ್ಕು ಅಂಗಡಿ ತಿರುಗಿದೆ. ತಿರುಪು ಇರುವ ರಿಫಿಲ್ ನಮ್ಮ ಕಡೆ ಬರುವುದಿಲ್ಲ ಎಂದರು. ವಿಜಯಪುರಕ್ಕೆ ಹೋದವರ ಕೈಯಲ್ಲೂ ಹೇಳಿಕಳಿಸಿದೆ,” ಎಂದರು. ದೂರುವ ದನಿ ಅಲ್ಲ. ಕೊಟ್ಟ ಲೆಕ್ಕವನ್ನು ಹುಡುಗಿ ತಪ್ಪು ಮಾಡಿದ್ದಾಳೆ, ಎಲ್ಲಿ ತಪ್ಪಿದಳೆಂದು ತೋರಿಸಬೇಕು, ಅಷ್ಟೇ ಎನ್ನುವ ದನಿ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಆ ದಾರವೇ ಕಣ್ಣಮುಂದೆ ಇತ್ತು. ಆ ಪೆನ್ನಿಗಾಗಿ ನಾನು ಮರವನ್ನು ಎಷ್ಟು ಅಳೆದು ಸುರಿದು ಆರಿಸಿದ್ದೆ! ಕುಂಟೆ ನಮ್ಮ ಅಜ್ಜನ ಕಾಲದ್ದು. ದಿಂಡಿನ ಯಾವ ಭಾಗದಲ್ಲಿ ಬಣ್ಣ ಚೆನ್ನಾಗಿದೆ ಎಂದು ನೀರು ಸವರಿ ನೋಡಿದ್ದೆ. ಆದರೆ ಮರಕ್ಕೆ ಕೂರಿಸುವ ಲೋಹದ ಬಿಡಿಭಾಗಗಳ ಪೊಟ್ಟಣವನ್ನು, ನಾವು ಕಿಟ್ ಎನ್ನುವುದನ್ನು? ಮೊಬೈಲಿನಲ್ಲಿ ಚಿತ್ರ ನೋಡಿ, ಇರುವುದರಲ್ಲಿ ಹೊಳೆಯುವುದಕ್ಕೆ ಬೆರಳು ಒತ್ತಿದ್ದೆ. ಹೆಣ್ಣು ನೋಡಲು ಹೋದವರು ಬರೀ ಬಳೆ ನೋಡಿ ಬಂದ ಹಾಗೆ.

ಚಿತ್ರ ನೋಡಿ ಕೊಂಡದ್ದು

ಮರದ ಪೆನ್ನು ಕಡೆಯುವವರೆಲ್ಲ ಹೆಚ್ಚುಕಡಿಮೆ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಅದು ಸ್ಲಿಮ್‌ಲೈನ್ ಎಂಬ ಕಿಟ್ಟು. ಎಲ್ಲಕ್ಕಿಂತ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಪೊಟ್ಟಣ ಬಿಚ್ಚಿದರೆ ಎರಡು ಹಿತ್ತಾಳೆ ಕೊಳವೆ, ಬರೆಯುವ ತುದಿಯ ಮೂತಿ, ತಿರುಗಿಸುವ ಯಂತ್ರ, ನಡುವಿನ ಉಂಗುರ, ಕ್ಲಿಪ್, ಮೇಲಿನ ಟೊಪ್ಪಿಗೆ, ಒಂದು ರಿಫಿಲ್. ಮುಕ್ಕಾಲು ಇಂಚು ಚೌಕದ, ಐದು ಇಂಚು ಉದ್ದದ ಮರದ ತುಂಡನ್ನು ಎರಡು ಮಾಡಿ, ಎರಡಕ್ಕೂ ಉದ್ದಕ್ಕೆ 7 ಮಿಲಿಮೀಟರ್ ತೂತು ಕೊರೆದು, ಕೊಳವೆಗಳನ್ನು ಅಂಟಿಸಿ, ತುದಿಗಳನ್ನು ಸಮ ಮಾಡಿ, ಮ್ಯಾಂಡ್ರೆಲ್ ಎಂಬ ಉಕ್ಕಿನ ಕಡ್ಡಿಗೆ ಪೋಣಿಸಿ ಲೇತಿನ ಮೇಲೆ ತಿರುಗಿಸುತ್ತೇವೆ. ಉಳಿ ತಾಗಿದಾಗ ಹೆರೆ ಸುರುಳಿ ಸುರುಳಿಯಾಗಿ ಮೊಣಕೈ ಮೇಲೆ ಬೀಳುತ್ತದೆ. ಆ ಸುಖಕ್ಕೇ ಅಲ್ಲವೇ ಈ ಹುಚ್ಚು. ಮರದ ಎರಡೂ ಬದಿಗೆ ಬುಶ್ ಎಂಬ ಉಕ್ಕಿನ ಬಳೆಗಳು ಇರುತ್ತವೆ. ಮರ ಅವುಗಳ ಮಟ್ಟಕ್ಕೆ ಇಳಿದಾಗ ನಿಲ್ಲಿಸಬೇಕು. ಆಮೇಲೆ ಪಾಲಿಶ್ ಪೇಪರ್, ಅರಗಿನ ಪಾಲಿಶ್, ಕೊನೆಗೆ ಲೋಹದ ಭಾಗಗಳನ್ನು ಒಂದೊಂದಾಗಿ ಒತ್ತಿ ಕೂರಿಸುವುದು.

ಈ ಒತ್ತುವ ಕೆಲಸದಲ್ಲಿಯೇ ಸ್ಲಿಮ್‌ಲೈನಿನ ಕುತಂತ್ರ ಇರುವುದು. ತಿರುಗಿಸುವ ಯಂತ್ರವನ್ನು ಕೊಳವೆಯೊಳಗೆ ಎಷ್ಟು ಆಳಕ್ಕೆ ಒತ್ತಬೇಕೆಂದು ನಾವೇ ಅಂದಾಜು ಮಾಡಬೇಕು. ಒಂದು ಮಿಲಿಮೀಟರ್ ಹೆಚ್ಚು ಹೋದರೆ ರಿಫಿಲ್ಲಿನ ತುದಿ ಒಳಗೆ ಎಳೆದುಕೊಳ್ಳದೆ ಹೊರಗೇ ಇಣುಕುತ್ತದೆ, ಕಡಿಮೆಯಾದರೆ ಬರೆಯುವಷ್ಟು ಹೊರಗೆ ಬರುವುದಿಲ್ಲ. ಒತ್ತಿದ್ದನ್ನು ಹಿಂದಕ್ಕೆ ತೆಗೆಯಲು ಹೋದರೆ ಮರ ಸೀಳುವ ಭಯ. ಮೊದಲ ಆರು ತಿಂಗಳು ನಾನು ಕೆಡಿಸಿದ್ದೆಲ್ಲ ಇಲ್ಲಿಯೇ. ಸ್ಲಿಮ್‌ಲೈನಿಗೆ ಹೋಗುವುದು ಕ್ರಾಸ್ ಕಂಪನಿಯ ಮಾದರಿಯ ರಿಫಿಲ್. ಸಪೂರ, ತಲೆಗೆ ಹಿತ್ತಾಳೆಯ ತಿರುಪು. ಅದನ್ನು ಯಂತ್ರಕ್ಕೆ ತಿರುಗಿಸಿ ಸೇರಿಸಬೇಕು. ಬದಲಿಸಬೇಕೆಂದರೆ ಮೇಲಿನ ಅರ್ಧವನ್ನು ಜಗ್ಗಿ ತೆಗೆದು, ಖಾಲಿಯಾದದ್ದನ್ನು ಬಿಚ್ಚಿ, ಹೊಸದನ್ನು ತಿರುಪಬೇಕು. ಇದನ್ನು ನಾನು ಮಾಸ್ತರರಿಗೆ ಹೇಳಿರಲೇ ಇಲ್ಲ. ಅವರು ತಾವೇ ಕಂಡುಕೊಂಡಿದ್ದರು. ಆ ರಿಫಿಲ್ಲಿನ ಬೆಲೆಯೂ ಕಡಿಮೆಯಲ್ಲ. ಕಿಟ್ಟಿನಲ್ಲಿ ಬರುವುದೋ ಅದರ ಅಗ್ಗದ ನಕಲು, ಬೇಗ ಮುಗಿಯುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಕೌಂಟರಿನ ಈಚೆ ಕುಳಿತು ಜನ ಪೆನ್ನು ಹಿಡಿಯುವುದನ್ನು ನೋಡುತ್ತೇನೆ, ಆದರೂ ಆ ಯುಗಾದಿಯವರೆಗೆ ಕಂಡಿರಲಿಲ್ಲ ಎನ್ನಬೇಕು. ಊರಿನಿಂದ ಬಂದ ಮೇಲೆ ನನ್ನ ಸ್ವಂತ ಸ್ಲಿಮ್‌ಲೈನ್ ಪೆನ್ನನ್ನು ಕೌಂಟರಿನ ಮೇಲೆ ಇಟ್ಟು ನೋಡತೊಡಗಿದೆ. ದಾರ ಕಟ್ಟಿದ ಬ್ಯಾಂಕಿನ ಪೆನ್ನು ಪಕ್ಕದಲ್ಲಿ ಇದ್ದರೂ ಮರದ್ದಕ್ಕೇ ಕೈ ಹೋಗುತ್ತಿತ್ತು. ತೆಗೆದುಕೊಂಡವರೆಲ್ಲ ಮೊದಲು ಮಾಡುತ್ತಿದ್ದುದು ಒಂದೇ ಕೆಲಸ: ತಲೆಯ ಮೇಲೆ ಹೆಬ್ಬೆರಳು ಇಟ್ಟು ಒತ್ತುವುದು. ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತುವುದು. ಆಮೇಲೆ ಮೂತಿಯನ್ನು ಕಣ್ಣಿನ ಹತ್ತಿರ ತಂದು ಒಳಗೆ ನೋಡುವುದು. ಒಬ್ಬ ಅಜ್ಜಿ, ಪಿಂಚಣಿಗೆ ಬಂದವರು, ಮುಚ್ಚಳ ಇರಬೇಕೆಂದು ಜಗ್ಗಿದರು. ಪೆನ್ನು ಎರಡಾಯಿತು. ಅವರ ಮುಖದಲ್ಲಿ ಎಂಥ ಗಾಬರಿ! ಮುರಿದೆನಲ್ಲ ಯವ್ವಾ ಎಂದು ಕೈ ಮುಗಿಯಲು ಬಂದರು. ಅಂದೇ ಆ ಪೆನ್ನನ್ನು ಕೌಂಟರಿನಿಂದ ತೆಗೆದು ಚೀಲಕ್ಕೆ ಹಾಕಿದೆ.

ಗಿಲೀಟು

ಮಾಸ್ತರರ ಪೆನ್ನಿನಲ್ಲಿ ಇನ್ನೊಂದು ಸಂಗತಿ ಇತ್ತು. ನಾನು ಕೊಟ್ಟಾಗ ಲೋಹವೆಲ್ಲ ಬಂಗಾರದ ಬಣ್ಣ. ಈಗ ಬೆರಳು ಹಿಡಿಯುವ ಮೂತಿಯ ಮೇಲೆ ಬಂಗಾರ ಹೋಗಿ, ಕಿಲುಬು ಹಿಡಿದ ಹಳೆಯ ಚೊಂಬಿನ ಬಣ್ಣ ಬಂದಿತ್ತು. ಕ್ಲಿಪ್ ಮಾತ್ರ ಇನ್ನೂ ಹೊಳೆಯುತ್ತಿತ್ತು, ಏಕೆಂದರೆ ಅದನ್ನು ಯಾರೂ ಹಿಡಿಯುವುದಿಲ್ಲ. ಬಂಗಾರಕ್ಕೆ ತುಕ್ಕು ಇಲ್ಲ ಎನ್ನುತ್ತೇವೆ, ನಿಜ. ಆದರೆ ಬಂಗಾರ ಮೆತ್ತಗಿನ ಲೋಹ, ಕಿಟ್ಟಿನ ಗಿಲೀಟೋ ಉಸಿರು ಬಿಟ್ಟಷ್ಟು ತೆಳು. ಬೆರಳಿನ ಉಜ್ಜಾಟಕ್ಕೆ ಅದು ಸವೆದರೆ ಕೆಳಗಿನ ಲೋಹಕ್ಕೆ ಬೆವರಿನ ಉಪ್ಪು ತಾಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೆ ಬರವೇ?

ಕ್ರೋಮ್ ಹಾಗಲ್ಲ. ಅದೂ ತೆಳುವಾದ ಪದರವೇ, ಆದರೆ ಗಟ್ಟಿ. ಬಂಗಾರದ ಬಣ್ಣವೇ ಬೇಕೆಂದರೆ ಟೈಟಾನಿಯಂ ನೈಟ್ರೈಡ್ ಎಂಬ ಲೇಪದ ಕಿಟ್ಟುಗಳು ಸಿಗುತ್ತವೆ. ಅದರಲ್ಲಿ ಬಂಗಾರ ಇರುವುದಿಲ್ಲ, ಬಂಗಾರಕ್ಕಿಂತ ಎಷ್ಟೋ ಪಟ್ಟು ಗಟ್ಟಿ, ಬೆಲೆಯೂ ಹಾಗೆಯೇ ಏರುತ್ತದೆ. ಗನ್ ಮೆಟಲ್ ಎಂಬ ಬೂದುಗಪ್ಪು ನನಗೆ ತುಂಬ ಇಷ್ಟ, ಕರಿಜಾಲಿಯ ಕೆಂಪುಗಂದಿಗೆ ಅದು ಒಪ್ಪುತ್ತದೆ. ಆದರೆ ಮದುವೆಯ ಉಡುಗೊರೆಗೆಂದು ಪೆನ್ನು ಮಾಡಿಸಿಕೊಳ್ಳಲು ಬರುವ ಬಂಧುಗಳ ಮುಂದೆ ಕಪ್ಪು ಇಟ್ಟು ನೋಡಿ! “ಶುಭ ಕಾರ್ಯಕ್ಕೆ ಕಪ್ಪೇ?” ಎಂದು ನಮ್ಮ ಸೋದರತ್ತೆ ಮುಟ್ಟಲೂ ಇಲ್ಲ. ಅವರಿಗೆ ಬಂಗಾರದ ಗಿಲೀಟೇ ಬೇಕು. ಎರಡು ವರ್ಷಕ್ಕೆ ಹೋಗುತ್ತದೆ ಎಂದು ಹೇಳಿದೆ. “ಹೋಗಲಿ, ಮದುವೆಯ ದಿನ ಹೊಳೆದರೆ ಸಾಕು,” ಎಂದರು. ಆ ವಾದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬರೆಯಲೆಂದು ಕೊಡುವ ಪೆನ್ನು ಬೇರೆ, ಕೊಡಲೆಂದು ಕೊಡುವ ಪೆನ್ನು ಬೇರೆ. ಎರಡನೆಯದಕ್ಕೆ ಡಬ್ಬಿಯೇ ಮುಖ್ಯ.

ಮೂರು ಸೂತು

ಸ್ಲಿಮ್‌ಲೈನ್ ಬೇಡವೆಂದ ಮೇಲೆ ಮುಂದೇನು? ಪಾರ್ಕರ್ ಮಾದರಿಯ ರಿಫಿಲ್ ಹಿಡಿಸುವ ಕಿಟ್ಟನ್ನೇ ತೆಗೆದುಕೊಳ್ಳಬೇಕೆಂದು ಮೊದಲೇ ತೀರ್ಮಾನಿಸಿಬಿಟ್ಟೆ. ಸುಮಾರು 98 ಮಿಲಿಮೀಟರ್ ಉದ್ದದ ಆ ದಪ್ಪ ರಿಫಿಲ್ ಜಗತ್ತಿನ ಎಷ್ಟೋ ಕಂಪನಿಗಳು ಒಂದೇ ಅಳತೆಯಲ್ಲಿ ಮಾಡುತ್ತವೆ. ಬೆಳಗಾವಿಯ ನಮ್ಮ ಖಡೇಬಜಾರಿನಲ್ಲೂ ಸಿಗುತ್ತದೆ, ತಾಲೂಕಿನ ಪುಸ್ತಕದ ಅಂಗಡಿಯಲ್ಲೂ ಸಿಗುವ ಸಂಭವ ಹೆಚ್ಚು. ಈ ಒಂದು ಗೆರೆ ಎಳೆದ ಕೂಡಲೇ ಮುಂದಿದ್ದ ನೂರು ಕಿಟ್ಟುಗಳು ಇಪ್ಪತ್ತಾದವು.

ಅವುಗಳಲ್ಲಿ ಸಿಯೆರಾ ಎಂಬುದು ಚೆಲುವೆ. ಒಂದೇ ಕೊಳವೆ, ಮರದ ಮೈ ನಡುವೆ ತುಂಡಾಗುವುದಿಲ್ಲ, ಗೆರೆ ಉದ್ದಕ್ಕೆ ಓಡುತ್ತದೆ. ಆದರೆ ಅದಕ್ಕೆ ಬೇಕಾದ ಡ್ರಿಲ್ ಬಿಟ್ ಇಂಚಿನ 64 ಪಾಲಿನಲ್ಲಿ 27. ನಮ್ಮ ಬಡಿಗರ ಭಾಷೆಯಲ್ಲಿ ಎಂಟು ಸೂತಿಗೆ ಒಂದು ಇಂಚು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮೂರು ಸೂತು ಮತ್ತು ಮೇಲೊಂದು ಚೂರು ಕೊಡಿ ಎಂದರೆ ಅಂಗಡಿಯವರು ನನ್ನ ಮುಖ ನೋಡಿದರು. ಕೊನೆಗೆ ಕಾರ್ಖಾನೆಗಳಿರುವ ಉದ್ಯಮಬಾಗದ ಹತ್ತಿರದ ಟೂಲ್ಸ್ ಅಂಗಡಿಯಲ್ಲಿ 10.7 ಮಿಲಿಮೀಟರಿನದು ಸಿಕ್ಕಿತು. ಲೆಕ್ಕ ಹಾಕಿದರೆ ಎರಡಕ್ಕೂ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ, ಕೆಲಸ ನಡೆಯುತ್ತದೆ. ಬೆಳಗಾವಿಯಲ್ಲಿ ಇರುವ ಲಾಭ ಇದು. ಫೌಂಡ್ರಿ, ಲೇತು, ಹೈಡ್ರಾಲಿಕ್ಸ್ ಎಂದು ಹಗಲಿರುಳು ಲೋಹ ಕೊರೆಯುವ ಊರು ಇದು. ಮರ ಕೊರೆಯುವ ಒಬ್ಬ ಹೆಣ್ಣುಮಗಳಿಗೆ ಬೇಕಾದ ಚೂರುಪಾರು ಅವರ ಕಸದ ಡಬ್ಬಿಯಲ್ಲೇ ಬಿದ್ದಿರುತ್ತದೆ.

ಉದ್ಯಮಬಾಗಕ್ಕೆ ನಾನು ಹೋದದ್ದು ಬುಶ್ ಮಾಡಿಸಲು. ಕಿಟ್ಟಿನ ಹೆಸರು ಒಂದೇ ಇದ್ದರೂ ಮಾರುವವರು ಬದಲಾದರೆ ಅಳತೆ ಬದಲಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಬ್ಬರಲ್ಲಿ ಕೊಂಡ ಬುಶ್ ಇಟ್ಟುಕೊಂಡು ಇನ್ನೊಬ್ಬರ ಕಿಟ್ಟಿಗೆ ಮರ ಕಡೆದರೆ, ಎಲ್ಲ ಮುಗಿದು ಜೋಡಿಸಿದ ಮೇಲೆ ಉಂಗುರದ ಹತ್ತಿರ ಒಂದು ಮೆಟ್ಟಿಲು ಏಳುತ್ತದೆ. ನಾನು ಅಂಥ ನಾಲ್ಕು ಪೆನ್ನು ಹಿಡಿದು ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಪಂಪಿನ ಶಾಫ್ಟುಗಳ ರಾಶಿ, ಕೂಲಂಟಿನ ವಾಸನೆ, ಬಾಗಿಲ ಬಳಿ ಕುಳಿತು ಚಹಾ ಕುಡಿಯುತ್ತಿದ್ದ ಇಬ್ಬರು ಹುಡುಗರು. ಲೇತಿನ ಮುಂದೆ ಇದ್ದ ಹಿರಿಯರು ಪೆನ್ನನ್ನು ತೆಗೆದುಕೊಂಡು, ಎಣ್ಣೆಗೈಯನ್ನು ಬಟ್ಟೆಗೆ ಒರೆಸಿ, ಕಣ್ಣು ಬೇರೆಲ್ಲೋ ಇಟ್ಟು ಹೆಬ್ಬೆರಳ ಉಗುರನ್ನು ಮರದಿಂದ ಉಂಗುರದ ಕಡೆಗೆ ಮೆಲ್ಲಗೆ ಎಳೆದರು. ಟಿಕ್ ಎಂದಿತು. ತಿರುವಿ ಉಂಗುರದಿಂದ ಮರದ ಕಡೆಗೆ ಎಳೆದರು. ಸದ್ದಿಲ್ಲ. “ಅಕ್ಕಾವರೇ, ಮರ ಕೆಳಗಿದೆ, ಲೋಹ ಮೇಲಿದೆ. ಹದಿನೈದು ಪಾಯಿಂಟ್ ಇರಬೇಕು,” ಎಂದರು. ಆಮೇಲೆ ವರ್ನಿಯರ್ ಹಚ್ಚಿ ನೋಡಿ ಹದಿನಾರು ಎಂದು ತಮ್ಮನ್ನು ತಾವೇ ತಿದ್ದಿಕೊಂಡರು. ಮಿಲಿಮೀಟರನ್ನು ನೂರು ಮಾಡಿದರೆ ಅದರಲ್ಲಿ ಹದಿನಾರು! ನಾನು ಕಣ್ಣಿನಿಂದ ವಾರಗಟ್ಟಲೆ ಹುಡುಕಿದ ತಪ್ಪು ಅವರ ಉಗುರಿಗೆ ಒಂದು ಸಲಕ್ಕೆ ಸಿಕ್ಕಿತು.

ಅವರು ಕಿಟ್ಟಿನ ಉಂಗುರವನ್ನೇ ಅಳೆದು, ಉಕ್ಕಿನ ಸಲಾಕೆ ಹಿಡಿದು, ಎರಡು ಜೊತೆ ಬುಶ್ ಕಡೆದುಕೊಟ್ಟರು. ಲೋಹದ ಲೇತಿನಲ್ಲಿ ಉಳಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ, ಹಿಡಿಕೆ ತಿರುಗಿಸಿದರೆ ಅದೇ ಮುಂದೆ ಹೋಗುತ್ತದೆ. ನಾನು ಮರಕ್ಕೆ ಕೈಯಲ್ಲಿ ಉಳಿ ಹಿಡಿಯುತ್ತೇನೆ ಎಂದು ತಿಳಿದು ಅವರಿಗೆ ಆಶ್ಚರ್ಯ. “ಕೈ ನಡುಗಿದರೆ?” ಎಂದರು. ನಡುಗಿದ್ದೇ ಗೆರೆಯಾಗಿ ಉಳಿಯುತ್ತದೆ ಎಂದೆ. ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. ಮುಂದಿನ ಸಲ ಬಂದಾಗ ತಮಗೂ ಒಂದು ಪೆನ್ನು ತರಬೇಕಂತೆ, ಆದರೆ ಕ್ಲಿಪ್ ಗಟ್ಟಿ ಇರಬೇಕು. ಬಗ್ಗಿ ಕೆಲಸ ಮಾಡುವಾಗ ಜೇಬಿನ ಪೆನ್ನು ಜಾರಿ ಲೇತಿನ ತಿರುಗುವ ಚಕ್ಕಿನೊಳಗೆ ಬೀಳುತ್ತದೆ ಎಂದರು. ಕ್ಲಿಪ್ಪನ್ನು ಹಿಡಿದು ಎತ್ತಿ ಬಿಟ್ಟು ನೋಡಬೇಕೆಂಬ ಬುದ್ಧಿ ನನಗೆ ಬಂದದ್ದು ಆ ಮಾತಿನಿಂದ. ಅಗ್ಗದ ಕಿಟ್ಟುಗಳ ಕ್ಲಿಪ್ ತಗಡಿನ ಹಾಗೆ. ಒಮ್ಮೆ ದಪ್ಪ ಬಟ್ಟೆಗೆ ಸಿಕ್ಕಿಸಿದರೆ ಬಾಯಿ ತೆರೆದುಕೊಂಡೇ ಇರುತ್ತದೆ.

ಅಂದಿನಿಂದ ಒಂದು ರೂಢಿ. ಕಿಟ್ಟು ಕೊಂಡರೆ ಹತ್ತು ಒಟ್ಟಿಗೇ, ಒಂದೇ ಕಡೆ. ಬಂದ ದಿನ ಹಿತ್ತಾಳೆ ಕೊಳವೆಗಳನ್ನೆಲ್ಲ ಅಳೆದು ಪೊಟ್ಟಣದ ಮೇಲೆ ಬರೆಯುತ್ತೇನೆ. ಅಳೆಯದೆ ಕೊರೆದರೆ ಕೊಳವೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಅಂಟು ಹಿಡಿದುಬಿಡುತ್ತದೆ. ಆಮೇಲೆ ಅದು ಪೆನ್ನೂ ಅಲ್ಲ, ಸೌದೆಯೂ ಅಲ್ಲ.

ಕೃಷ್ಣೆಯ ಆಚೆ

ಕಿಟ್ಟಿನ ಮಾತಿನ ನಡುವೆ ಮರದ್ದೊಂದು ಹೇಳಲೇಬೇಕು, ಏಕೆಂದರೆ ಎರಡರ ಜಗಳ ನನಗೆ ಗೊತ್ತಾದದ್ದು ತಮ್ಮನಿಂದ. ಅವನು ವಿಜಯಪುರದಲ್ಲಿ ಇರುತ್ತಾನೆ. ಒಂದು ಆಷಾಢದಲ್ಲಿ, ಬೆಳಗಾವಿಯಲ್ಲಿ ಹದಿನೈದು ದಿನ ಸೂರ್ಯನೇ ಕಾಣದಿದ್ದಾಗ, ಅವನಿಗೊಂದು ಪೆನ್ನು ಕಡೆದೆ. ಕೋಟೆ ಕೆರೆ ತುಂಬಿ ತುಳುಕುವ ದಿನಗಳು ಅವು. ಒಗೆದ ಬಟ್ಟೆ ಮೂರು ದಿನ ಆರುವುದಿಲ್ಲ, ಅಡುಗೆಮನೆಯ ಉಪ್ಪು ನೀರಾಗುತ್ತದೆ. ಮರವೂ ಗಾಳಿಯ ನೀರು ಕುಡಿದು ಉಬ್ಬಿ ಕೂತಿರುತ್ತದೆ. ಪೆನ್ನು ತುಂಬ ಚೆನ್ನಾಗಿ ಬಂತು. ಮುಂದಿನ ಏಪ್ರಿಲ್‌ನಲ್ಲಿ ತಮ್ಮ ಚಿತ್ರ ಕಳಿಸಿದ: ಪೆನ್ನಿನ ಉದ್ದಕ್ಕೂ ಕೂದಲಿನಂಥ ಬಿರುಕು.

ಜಮಖಂಡಿ ದಾಟಿ, ಚಿಕ್ಕಪಡಸಲಗಿಯ ಸೇತುವೆಯಲ್ಲಿ ಕೃಷ್ಣೆ ಹಿಂದಾದ ಮೇಲೆ ಗಾಳಿಯ ಗುಣವೇ ಬೇರೆ ಎನ್ನುವುದು ನನಗೆ ತುಟಿ ಒಡೆಯುವುದರಿಂದ ಗೊತ್ತಿತ್ತು. ಮರಕ್ಕೂ ತುಟಿ ಇದೆ ಎಂದು ಗೊತ್ತಿರಲಿಲ್ಲ. ಒಣಗಿದ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಒಳಗಿರುವ ಹಿತ್ತಾಳೆ ಕೊಳವೆ ಒಂದಿಷ್ಟೂ ಜಾಗ ಬಿಡುವುದಿಲ್ಲ. ಅದರ ಸುತ್ತ ಇರುವ ಮರದ ಗೋಡೆ ತುದಿಗಳಲ್ಲಿ ಒಂದು ಮಿಲಿಮೀಟರಿಗಿಂತ ತೆಳು. ಕುಗ್ಗಲು ಜಾಗ ಸಿಗದೆ ಅದು ಸೀಳುತ್ತದೆ. ಹಾಗಾಗಿ ಕಿಟ್ಟು ಆರಿಸುವಾಗ ಕೊಳವೆಯ ಅಗಲ, ಉಂಗುರದ ಅಗಲ ಎರಡನ್ನೂ ನೋಡಿ, ನಡುವೆ ಮರಕ್ಕೆ ಎಷ್ಟು ಉಳಿಯುತ್ತದೆ ಎಂದು ಕಳೆಯುವ ಲೆಕ್ಕ ಮಾಡುವುದನ್ನು ಕಲಿತೆ. ಕ್ಷಣದಲ್ಲಿ ಹಿಡಿಯುವ ಅಂಟು ಒಣಗಿದರೆ ಗಾಜಿನಂತೆ ಪೆಡಸು. ಅದನ್ನು ಬಿಟ್ಟು, ಎರಡು ಟ್ಯೂಬು ಕಲಸುವ ಎಪಾಕ್ಸಿ ಹಿಡಿದೆ. ಅದು ಸ್ವಲ್ಪ ತಾಳಿಕೊಳ್ಳುತ್ತದೆ.

ಇನ್ನೊಂದು ಉಪಾಯವೂ ಇದೆ, ಕೇಳಿದವರು ನಗುತ್ತಾರೆ. ಅಮ್ಮ ಚಳಿಗಾಲ ಕಳೆದು ಊರಿಗೆ ಹೋಗುವಾಗ ಅವರ ಚೀಲದಲ್ಲಿ ಇಪ್ಪತ್ತು ಮೂವತ್ತು ಮರದ ತುಂಡುಗಳನ್ನು ಇಡುತ್ತೇನೆ. ತೂತು ಕೊರೆದಿರುತ್ತೇನೆ, ಕೊಳವೆ ಹಾಕಿರುವುದಿಲ್ಲ. ಅವು ನಮ್ಮ ಮಾಳಿಗೆ ಮನೆಯ ಅಟ್ಟದ ಮೇಲೆ, ಜೋಳದ ಚೀಲಗಳ ಪಕ್ಕ, ಒಂದು ಪೂರ್ತಿ ಬೇಸಿಗೆ ಕಳೆಯುತ್ತವೆ. ಸೀಳುವವು ಅಲ್ಲೇ ಸೀಳಲಿ. ಉಳಿದವು ಬೆಳಗಾವಿಗೆ ಮರಳಿ ಬಂದಾಗ ತೂತು ಮೊದಲಿನಷ್ಟು ದುಂಡಗೆ ಇರುವುದಿಲ್ಲ, ಮತ್ತೆ ಒಮ್ಮೆ ಅದೇ ಬಿಟ್ ಆಡಿಸಬೇಕು. “ಮಂದಿ ಮಕ್ಕಳನ್ನು ರಜೆಗೆ ಊರಿಗೆ ಕಳಿಸುತ್ತಾರೆ, ನೀನು ಕಟ್ಟಿಗೆ ಕಳಿಸುತ್ತೀಯಾ,” ಎಂದು ನಮ್ಮ ಮನೆಯವರು ರೇಗಿಸುವುದುಂಟು. (ಶಾಯಿ ಪೆನ್ನಿನ ಕಿಟ್ಟುಗಳ ಬಗ್ಗೆ ಕೇಳುವವರಿಗೆ ಒಂದೇ ಮಾತು: ನಾನು ಮಾಡಿದ ಎರಡೂ ವಿಜಯಪುರದ ಬೇಸಿಗೆಗೆ ವಾರದಲ್ಲಿ ಒಣಗಿದವು. ಮುಚ್ಚಳ ಗಾಳಿ ಬಿಡದಂತೆ ಕೂರುವ ಕಿಟ್ಟು ಸಿಗುವವರೆಗೆ ಆ ಸಹವಾಸ ಸಾಕೆಂದು ಬಿಟ್ಟೆ.)

ರವೆ ಅಂಗಡಿಯದು

ಒಮ್ಮೆ ಕಚೇರಿಯ ಸಹೋದ್ಯೋಗಿಯೊಬ್ಬರು ನನ್ನ ಪೆನ್ನನ್ನು ತಿರುಗಿಸಿ ನೋಡಿ, “ಯಂತ್ರ, ಕ್ಲಿಪ್, ಮೂತಿ ಎಲ್ಲ ಚೀನಾದ್ದೋ ತೈವಾನಿನದ್ದೋ. ಕೈಯಲ್ಲಿ ಮಾಡಿದ್ದು ಅಂದರೆ ಹೇಗೆ?” ಎಂದರು. ಸರಿಯಾದ ಪ್ರಶ್ನೆಯೇ. ರಾಜಮಹೇಂದ್ರಿಯ ರತ್ನಂ ಪೆನ್ನಿನ ಹಾದಿಯಲ್ಲಿ, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸಲಾಕೆ ಹಿಡಿದು ಮುಚ್ಚಳದ ತಿರುಪನ್ನೂ ತಾವೇ ಕೊರೆಯುವವರು ನಮ್ಮ ದೇಶದಲ್ಲಿ ಇದ್ದಾರೆ. ಅವರ ಮುಂದೆ ನಾನು ಮಾಡುವುದು ಅರ್ಧ ಕೆಲಸ. ಆ ದಿನ ಮನೆಗೆ ಬಂದು ಮುಖ ಚಿಕ್ಕದು ಮಾಡಿಕೊಂಡು ಅಮ್ಮನಿಗೆ ಹೇಳಿದೆ. ಅವರು ಪಂಚಮಿಗೆ ಉಂಡಿ ಕಟ್ಟುತ್ತ ಕುಳಿತಿದ್ದರು. “ರವೆ ಅಂಗಡಿಯದು, ಸಕ್ಕರೆ ಅಂಗಡಿಯದು, ತುಪ್ಪವೂ ಈ ಸಲ ಅಂಗಡಿಯದೇ. ಹಾಗಾದರೆ ಈ ಉಂಡಿ ಯಾರದು? ತಿನ್ನಬೇಡ ಅನ್ನು ಅವರಿಗೆ,” ಎಂದರು. ಆದರೆ ಅಮ್ಮ ರವೆ ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು, ಮೂಸಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ನೋಡುವುದನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ. ನಾನು ಕಿಟ್ಟು ಕೊಂಡದ್ದು ಹಾಗೆ ಅಲ್ಲವಲ್ಲ.

ಚಿಲಕ

ಕೊನೆಗೆ ಮಾಸ್ತರರಿಗೆ ಆರಿಸಿದ್ದು ಬೋಲ್ಟ್ ಆ್ಯಕ್ಷನ್ ಎಂಬ ಕಿಟ್ಟು. ಬಂದೂಕಿನ ಹಾಗೆ ಪಕ್ಕದಲ್ಲಿ ಒಂದು ಸಣ್ಣ ಗುಬುಟು. ಅದನ್ನು ಮುಂದಕ್ಕೆ ತಳ್ಳಿ ಪಕ್ಕಕ್ಕೆ ಮಲಗಿಸಿದರೆ ತುದಿ ಹೊರಗೆ ನಿಲ್ಲುತ್ತದೆ. ಎತ್ತಿ ಬಿಟ್ಟರೆ ಸ್ಪ್ರಿಂಗು ಒಳಗೆ ಎಳೆದುಕೊಳ್ಳುತ್ತದೆ. ಪಾರ್ಕರ್ ಮಾದರಿಯ ರಿಫಿಲ್. ಬದಲಿಸಲು ಮೂತಿಯನ್ನು ತಿರುಗಿಸಿ ತೆಗೆದರೆ ಸಾಕು. ಒಂದೇ ಕೊಳವೆ. ಡ್ರಿಲ್ ಬಿಟ್ ಇಂಚಿನ ಎಂಟರಲ್ಲಿ ಮೂರು, ಅಂದರೆ ಸರಿಯಾಗಿ ಮೂರು ಸೂತು! ಯಾವ ಬಡಿಗರ ಪೆಟ್ಟಿಗೆಯಲ್ಲಾದರೂ ಸಿಗುತ್ತದೆ. ಇದರ ಕ್ಲಿಪ್ಪನ್ನು ಬಂದೂಕಿನ ಆಕಾರಕ್ಕೆ ಎರಕ ಹೊಯ್ದು ಮಾರುವವರೂ ಇದ್ದಾರೆ. ಶಾಲಾ ಮಾಸ್ತರರ ಎದೆಯ ಮೇಲೆ ಬಂದೂಕು ಬೇಡವೆಂದು ಸಾದಾ ಕ್ಲಿಪ್ಪಿನದು ಹುಡುಕಿ ತರಿಸಿದೆ. ಬಣ್ಣ ಕ್ರೋಮ್. ಒಂದೇ ಅಳುಕು, ತೂಕ. ಸ್ಲಿಮ್‌ಲೈನಿಗಿಂತ ಇದು ಸಾಕಷ್ಟು ಭಾರ, ತೆಳು ಬಟ್ಟೆಯ ಜೇಬನ್ನು ಕೆಳಗೆ ಜಗ್ಗುತ್ತದೆ. ಮರವನ್ನು ಆದಷ್ಟು ನೇರವಾಗಿ, ಹೊಟ್ಟೆ ಬಿಡದೆ ಕಡೆದೆ. ಅದರಿಂದ ಇಳಿಯುವುದು ಎಷ್ಟೋ, ಮನಸ್ಸಿಗಂತೂ ಹಗುರ. ಮರ ಅದೇ ಕುಂಟೆಯ ದಿಂಡು, ಅಟ್ಟದ ಮೇಲೆ ಬೇಸಿಗೆ ಕಳೆದ ತುಂಡು.

ಈ ಯುಗಾದಿಗೆ ಹೋಗುವಾಗ ಸಿಂದಗಿಯಲ್ಲಿ ಬಸ್ಸು ಇಳಿದು, ಊರಿನ ಟಂಟಂ ಹಿಡಿಯುವ ಮೊದಲು, ಸ್ಟ್ಯಾಂಡಿನ ಆಚೆಯ ಪುಸ್ತಕದ ಅಂಗಡಿಗೆ ಹೋಗಿ ರಿಫಿಲ್ ಕೇಳಿದೆ. ಇತ್ತು. ಕೊಂಡುಕೊಳ್ಳಲಿಲ್ಲ, ಇದೆಯೋ ಇಲ್ಲವೋ ತಿಳಿದರೆ ಸಾಕಿತ್ತು. ಅಂಗಡಿಯವರು ಮುಖ ಸಿಂಡರಿಸಿದರು.

ಮಾಸ್ತರರು ಪೆನ್ನನ್ನು ತೆಗೆದುಕೊಂಡು, ಒತ್ತಬೇಕೋ ತಿರುಗಿಸಬೇಕೋ ಎಂದು ನಾನು ಹೇಳುವಷ್ಟರಲ್ಲಿ, ಗುಬುಟನ್ನು ನೋಡಿದರು. ಹೆಬ್ಬೆರಳಿನಿಂದ ಸರಿಸಿ ಪಕ್ಕಕ್ಕೆ ಹಾಕಿದರು. “ಓ, ಚಿಲಕ!” ಎಂದರು. ತೆಗೆದರು, ಹಾಕಿದರು, ತೆಗೆದರು. ಮನೆಯ ಬಾಗಿಲಿಗೂ ಅದೇ, ಕೊಟ್ಟಿಗೆಗೂ ಅದೇ. ಆಮೇಲೆ ಕನ್ನಡಕ ಏರಿಸಿ ಮೂತಿಯನ್ನು ತಿರುಗಿಸಿ ಬಿಚ್ಚಿ, ರಿಫಿಲ್ಲನ್ನೂ ಸ್ಪ್ರಿಂಗನ್ನೂ ಪಂಚಾಂಗದ ಮೇಲೆ ಸಾಲಾಗಿ ಇಟ್ಟು, ಮತ್ತೆ ಜೋಡಿಸಿದರು. ಜೇಬಿಗೆ ಸಿಕ್ಕಿಸಿಕೊಂಡರು. ಜೇಬು ಒಂದು ಬದಿಗೆ ವಾಲಿತು. “ಭಾರ ಇದೆ,” ಎಂದರು. ನಾನು ಸುಮ್ಮನಿದ್ದೆ. ಹಳೆಯ ಪೆನ್ನನ್ನು ಕೊಡಿ, ಸರಿಮಾಡಿ ತರುತ್ತೇನೆ ಎಂದರೆ ಕೊಡಲಿಲ್ಲ. ಅದು ಹಾಲಿನ ಲೆಕ್ಕದ್ದು, ಇರಲಿ ಎಂದರು.

ನಾನು ಚಹಾ ಮುಗಿಸುವ ಹೊತ್ತಿಗೆ, ಹೊಸ ರಿಫಿಲ್ಲನ್ನು ಮತ್ತೆ ಹೊರಗೆ ತೆಗೆದು ಮೊಮ್ಮಗನ ಕೈಗೆ ಕೊಟ್ಟಿದ್ದರು. ಸಿಂದಗಿಗೆ ಹೊರಟಿದ್ದ ಹುಡುಗ ಇದೇ ಅಳತೆಯದು ಒಂದು ತರಬೇಕು. ಅದು ಇನ್ನೂ ಮುಗಿದಿಲ್ಲವಲ್ಲ, ಮಾಸ್ತರರೇ ಎಂದೆ. “ಮುಗಿದ ಮೇಲೆ ಹುಡುಕುವುದು ಹೋದ ಸಲ ಆಯಿತು,” ಎಂದರು. ಸಂಜೆ ನಾನು ಹೊರಡುವ ಹೊತ್ತಿಗೆ ಹುಡುಗ ಬೈಕಿನಿಂದ ಇಳಿದು ಎರಡನ್ನೂ ಅಜ್ಜನ ಮುಂದೆ ಇಟ್ಟ. ನೀಲಿ ಬೆಳಿಗ್ಗೆ ಒಂದೇ ಉಳಿದಿತ್ತಂತೆ, ಯಾರೋ ಕೊಂಡುಹೋದರಂತೆ, ಕೆಂಪು ಮಾತ್ರ ಇತ್ತಂತೆ. ಮಾಸ್ತರರು ನೀಲಿಯನ್ನು ಡಬ್ಬಿಗೆ ಹಾಕಿ, ಕೆಂಪನ್ನು ಪೆನ್ನಿಗೆ ಏರಿಸಿ, ಚಿಲಕ ಸರಿಸಿ, ಕ್ಯಾಲೆಂಡರಿನ ಹಿಂದೆ ಒಂದು ದೊಡ್ಡ ಸರಿ ಗುರುತು ಎಳೆದರು.